ರಿಪೋರ್ಟ್‌ಪೋರ್ಟಲ್ ರಿವ್ಯೂ: ಟೆಸ್ಟ್ ಲಾಗ್‌ನಿಂದ ಬಗ್ ಟಿಕೆಟ್ ತಾನಾಗೇ ರೇಸ್ ಆಗುತ್ತಾ?

ಆಟೋಮೇಶನ್ ಟೆಸ್ಟ್ ಫೇಲ್ ಆದ ತಕ್ಷಣ ಅದರ ಲಾಗ್ (ಟೆಸ್ಟ್ ಓಡುವಾಗ ಬರೆದಿಡೋ ದಾಖಲೆ) ತಗೊಂಡು ತಾನೇ ಜಿರಾದಲ್ಲಿ (ಬಗ್ ಟಿಕೆಟ್ ಇಡೋ ಸಾಫ್ಟ್‌ವೇರ್) ಬಗ್ ರೇಸ್ ಮಾಡೋ ಟೂಲ್ ಯಾವ್ದಾದ್ರೂ ಇದ್ರೆ ಹೇಳಿ ಅಂತ ಟೆಸ್ಟಿಂಗ್‌ನೋರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಯಾರಾದ್ರೂ ಕೇಳ್ತಾನೇ ಇರ್ತಾರೆ, ಅದಕ್ಕೆ ಇನ್ಯಾರೋ ಒಬ್ರು "ರಿಪೋರ್ಟ್‌ಪೋರ್ಟಲ್ ಹಾಕ್ಕೊಳ್ಳಿ" ಅಂತ ಒಂದೇ ಲೈನ್ ಹಾಕಿ ಸುಮ್ನಾಗ್ತಾರೆ. ಹಾಕ್ಕೊಂಡ ಮೇಲೆ ಏನಾಗುತ್ತೆ ಏನಾಗಲ್ಲ ಅಂತ ಯಾರೂ ಬಿಡಿಸಿ ಹೇಳಲ್ಲ. ಅದಕ್ಕೆ ಈ ಉದ್ದದ ರಿವ್ಯೂ, ಟೀ ಇಟ್ಕೊಂಡು ಕೂತ್ಕೊಳ್ಳಿ.

ತೀರ್ಪು ಮೊದ್ಲೇ ಹೇಳಿಬಿಡ್ತೀನಿ. ರಿಪೋರ್ಟ್‌ಪೋರ್ಟಲ್ ನಿಮ್ಮ ಟೆಸ್ಟ್ ಲಾಗ್ ಎಲ್ಲಾ ಒಂದು ಕಡೆ ಸೇರಿಸುತ್ತೆ, ಒಂದೇ ಥರದ ಎರರ್‌ಗಳನ್ನ ಗುಂಪು ಮಾಡುತ್ತೆ, ಹಳೇ ಫೇಲ್ ಜೊತೆ ಹೋಲಿಸಿ "ಇದು ಅದೇ ಬಗ್ಗು" ಅಂತ ಟ್ಯಾಗ್ ಮಾಡುತ್ತೆ, ಟಿಕೆಟ್ ಒಳಗೆ ಲಾಗು ಸ್ಕ್ರೀನ್‌ಶಾಟು ತುಂಬಿ ಕೊಡುತ್ತೆ, ಆದ್ರೆ ಹೊಸ ಟಿಕೆಟ್ ರೇಸ್ ಮಾಡೋ ಬಟನ್ ಒತ್ತಬೇಕಾಗಿರೋದು ನೀವೇ. ತುಂಬಾ ಜನಕ್ಕೆ ಇದು ಕೊರತೆ ಅನ್ಸುತ್ತೆ. ನನಗೆ ಇಡೀ ಟೂಲ್‌ನಲ್ಲಿ ಇಷ್ಟ ಆಗಿದ್ದೇ ಇದು, ಯಾಕೆ ಅಂತ ಮುಂದೆ ಹೇಳ್ತೀನಿ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಇದು ಓಪನ್ ಸೋರ್ಸ್, ಅಪಾಚೆ 2.0 ಲೈಸೆನ್ಸ್, ಇಪ್ಯಾಮ್ ಕಂಪನಿಯೋರು ಕಟ್ಟಿದ್ದು. ನಿಮ್ಮದೇ ಸರ್ವರ್‌ನಲ್ಲಿ ಹಾಕ್ಕೊಂಡ್ರೆ ಫ್ರೀ, ಅವರೇ ಹೋಸ್ಟ್ ಮಾಡಿ ಕೊಡೋದು, ಸಪೋರ್ಟು, ಮತ್ತೆ ಕ್ವಾಲಿಟಿ ಗೇಟ್ (ರಿಸಲ್ಟ್ ನೋಡಿ ಬಿಲ್ಡ್ ಪಾಸಾ ಫೇಲಾ ಅಂತ ತೀರ್ಮಾನಿಸೋದು) ಥರದ ಕೆಲವು ಫೀಚರ್ ದುಡ್ಡಿಗೆ. ಟೆಸ್ಟ್‌ಎನ್‌ಜಿ, ಜೆಯುನಿಟ್, ಪೈಟೆಸ್ಟ್, ರೋಬೋಟ್ ಫ್ರೇಮ್‌ವರ್ಕ್, ಸೈಪ್ರೆಸ್, ಪ್ಲೇರೈಟ್ ಈ ಟೆಸ್ಟ್ ಫ್ರೇಮ್‌ವರ್ಕ್‌ಗಳೆಲ್ಲಕ್ಕೂ ಏಜೆಂಟ್, ಅಂದ್ರೆ ರಿಸಲ್ಟ್‌ನ ಸರ್ವರ್‌ಗೆ ಕಳಿಸೋ ಪ್ಲಗಿನ್, ಇದೆ. ಪೈಟೆಸ್ಟ್ ಆದ್ರೆ ಪ್ಲಗಿನ್ ಇನ್‌ಸ್ಟಾಲ್ ಮಾಡಿ, ಕಾನ್ಫಿಗ್ ಫೈಲ್‌ನಲ್ಲಿ ಸರ್ವರ್ ಅಡ್ರೆಸ್, ಪ್ರಾಜೆಕ್ಟ್ ಹೆಸ್ರು, ಎಪಿಐ ಕೀ ಹಾಕಿ, ರನ್ ಮಾಡುವಾಗ ಒಂದು ಫ್ಲ್ಯಾಗ್ ಕೊಟ್ರೆ ಮುಗೀತು, ಟೆಸ್ಟ್ ಓಡ್ತಾ ಇರೋ ಹಾಗೇನೇ ರಿಸಲ್ಟ್ ಬ್ರೌಸರ್‌ನಲ್ಲಿ ಬಂದು ಬೀಳ್ತಾ ಇರುತ್ತೆ. ಜಾವಾದೋರು ಲಿಸನರ್ ಜೊತೆಗೆ ಲಾಗ್‌ಬ್ಯಾಕ್ ಅಥವಾ ಲಾಗ್‌ಫೋರ್‌ಜೆಗೆ ಅಪೆಂಡರ್ (ಲಾಗ್ ಲೈನ್‌ನ ಹೊರಗೆ ಕಳಿಸೋ ಭಾಗ) ಸೇರಿಸ್ಬೇಕು, ಇದನ್ನ ಬಿಟ್ರೆ ಟೆಸ್ಟ್ ಪಾಸು ಫೇಲು ಮಾತ್ರ ಕಾಣುತ್ತೆ, ನಿಮ್ಮ ಲಾಗ್ ಲೈನ್ ಬರಲ್ಲ. ಲಾಗ್ ಇಲ್ದೇ ಈ ಟೂಲ್ ಇಟ್ಕೊಂಡು ಏನೂ ಪ್ರಯೋಜನ ಇಲ್ಲ.

ಸರ್ವರ್ ಸೆಟಪ್ ಡಾಕರ್ ಕಂಪೋಸ್‌ನಲ್ಲಿ (ಹಲವು ಸರ್ವಿಸ್ ಒಟ್ಟಿಗೆ ಎಬ್ಬಿಸೋ ಟೂಲ್) ಒಂದೇ ಕಮಾಂಡು ಅಂತ ಎಲ್ರೂ ಹೇಳ್ತಾರೆ, ನಿಜಾನೇ, ಆದ್ರೆ ಆ ಒಂದು ಕಮಾಂಡ್ ಹಿಂದೆ ಪೋಸ್ಟ್‌ಗ್ರೆಸ್, ರ್‍ಯಾಬಿಟ್‌ಎಂಕ್ಯೂ, ಓಪನ್‌ಸರ್ಚ್, ಅನಲೈಸರ್, ಗೇಟ್‌ವೇ ಅಂತ ದೊಡ್ಡ ದಂಡೇ ಎದ್ದು ಬರುತ್ತೆ. ಆಫೀಸ್‌ನಲ್ಲಿ ಮೂಲೇಲಿ ಬಿದ್ದಿರೋ ಹಳೇ ಡೆಸ್ಕ್‌ಟಾಪ್‌ನಲ್ಲಿ ಓಡಿಸ್ತೀನಿ ಅಂದ್ಕೊಂಡಿದ್ರೆ ಬೇಡ, ರ್‍ಯಾಮ್ ಧಾರಾಳವಾಗಿ ಕೊಡಿ. ಲಿನಕ್ಸ್‌ನಲ್ಲಿ ಓಪನ್‌ಸರ್ಚ್ ಏಳದೇ ಸತಾಯಿಸಿದ್ರೆ ಕರ್ನಲ್‌ನ ಮ್ಯಾಕ್ಸ್ ಮ್ಯಾಪ್ ಕೌಂಟ್ ಸೆಟ್ಟಿಂಗ್ 262144ಕ್ಕೆ ಏರಿಸಿ ನೋಡಿ, ಹೆಚ್ಚಿನ ಸಲ ಅದೇ ಕಾರಣ. ಎದ್ದ ಮೇಲೆ 8080 ಪೋರ್ಟ್‌ನಲ್ಲಿ ಓಪನ್ ಆಗುತ್ತೆ, ಮೊದಲ ಕೆಲಸ ಡೀಫಾಲ್ಟ್ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸೋದು, ಆ ಪಾಸ್‌ವರ್ಡ್ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ, ಇಡೀ ಪ್ರಪಂಚಕ್ಕೆ ಗೊತ್ತು.

ಈಗ ಅಸಲಿ ವಿಷಯ. ಟೆಸ್ಟ್ ಲಾಗ್‌ನಿಂದ ಬಗ್ ರಿಪೋರ್ಟ್ ಮಾಡೋದು ಟೆಕ್ನಿಕಲ್ ಆಗಿ ಕಷ್ಟಾನೇ ಅಲ್ಲ ಕಣ್ರೀ. ಜೆಯುನಿಟ್ ಎಕ್ಸ್‌ಎಂಎಲ್ (ಟೆಸ್ಟ್ ರಿಸಲ್ಟ್ ಇರೋ) ಫೈಲ್ ಓದಿ, ಫೇಲ್ ಆಗಿರೋ ಟೆಸ್ಟ್ ಹೆಸ್ರನ್ನ ಟೈಟಲ್ ಮಾಡಿ, ಸ್ಟ್ಯಾಕ್ ಟ್ರೇಸ್‌ನ (ಎರರ್ ಕೋಡ್‌ನಲ್ಲಿ ಎಲ್ಲಿ ಬಂತು ಅನ್ನೋ ಪಟ್ಟಿ) ಡಿಸ್ಕ್ರಿಪ್ಶನ್‌ಗೆ ಪೇಸ್ಟ್ ಮಾಡಿ, ಜಿರಾದ ರೆಸ್ಟ್ ಎಪಿಐಗೆ ಒಂದು ಪೋಸ್ಟ್ ಹೊಡೆದ್ರೆ ಟಿಕೆಟ್ ರೆಡಿ. ಹೊಸದಾಗಿ ಸೇರಿರೋ ಹುಡುಗ್ರೂ ಒಂದು ಮಧ್ಯಾಹ್ನದಲ್ಲಿ ಬರೀತಾರೆ. ಜೆಂಕಿನ್ಸ್ (ಬಿಲ್ಡು ಟೆಸ್ಟು ತಾನೇ ಓಡಿಸೋ ಸರ್ವರ್) ಇದ್ರೆ ಅದೂ ಬೇಡ, ಜಿರಾ ಟೆಸ್ಟ್ ರಿಸಲ್ಟ್ ರಿಪೋರ್ಟರ್ ಅಂತ ಪ್ಲಗಿನ್ ಇದೆ, ಅದರಲ್ಲಿ ಆಟೋ ರೇಸ್ ಅನ್ನೋ ಚೆಕ್‌ಬಾಕ್ಸ್ ಹಾಕಿದ್ರೆ ಫೇಲ್ ಆದ ಪ್ರತಿ ಟೆಸ್ಟ್‌ಗೂ ತಾನೇ ಟಿಕೆಟ್ ಮಾಡುತ್ತೆ, ಟೆಸ್ಟ್ ಮತ್ತೆ ಪಾಸ್ ಆದಾಗ ರಿಸಾಲ್ವ್ ಮಾಡೋ ಆಪ್ಶನ್ನೂ ಇದೆ.

ಕಷ್ಟ ಶುರು ಆಗೋದು ಆಮೇಲೆ. ಹಿಂದಿನ ಒಂದು ಪ್ರಾಜೆಕ್ಟ್‌ನಲ್ಲಿ, ಕ್ಲೈಂಟ್ ಹೆಸ್ರು ಬೇಡ, ಇಂಥದ್ದೇ ಒಂದು ಆಟೋ ರೇಸ್ ಸ್ಕ್ರಿಪ್ಟ್ ಮೊದಲಿಂದಲೂ ಓಡ್ತಾ ಇತ್ತು. ಒಂದ್ ರಾತ್ರಿ ಟೆಸ್ಟ್ ಎನ್ವಿರಾನ್‌ಮೆಂಟ್‌ನ ಡೇಟಾಬೇಸ್ ಮಲಗಿಬಿಡ್ತು, ನೈಟ್ಲಿ ರನ್ ಮಾತ್ರ ತನ್ನ ಪಾಡಿಗೆ ಓಡ್ತು, ಬೆಳಗ್ಗೆ ನೋಡಿದ್ರೆ ಜಿರಾದಲ್ಲಿ ನೂರಾರು ಟಿಕೆಟ್. ಡೆವ್ ಲೀಡ್ ಬಂದು "ಏನ್ ಮೇಡಂ ಇದು, ಒಂದೇ ರಾತ್ರೀಲಿ ಇಡೀ ಪ್ರಾಡಕ್ಟೇ ಹಾಳಾಗೋಯ್ತಾ?" ಅಂತ ನಮ್ಮ ಕ್ಯೂಎ ಲೀಡ್‌ನ ಕೇಳ್ತಿದ್ರೆ ಅವರು "ಸರ್, ಅದು ಬಾಟ್ ಮಾಡಿದ್ದು" ಅಂದ್ರು, ಅವತ್ತಿಂದ ಡೆವಲಪರ್‌ಗಳೆಲ್ಲ ಬಾಟ್ ಹೆಸರಲ್ಲಿ ಬಂದ ಮೇಲ್‌ಗೆ ಔಟ್‌ಲುಕ್‌ನಲ್ಲಿ ರೂಲ್ ಹಾಕಿ ಬೇರೆ ಫೋಲ್ಡರ್‌ಗೆ ತಳ್ಳಿಬಿಟ್ರು. ಬೀದಿಯ ಟ್ರಾನ್ಸ್‌ಫಾರ್ಮರ್ ಒಂದು ಸುಟ್ಟಿದ್ದಕ್ಕೆ ಪ್ರತಿ ಮನೆಯೋರೂ ಕರೆಂಟ್ ಆಫೀಸಿಗೆ ಬೇರೆ ಬೇರೆ ಕಂಪ್ಲೇಂಟ್ ಕೊಟ್ಟ ಹಾಗೆ ಆಯ್ತದು, ಲೈನ್‌ಮನ್‌ಗೆ ಬೇಕಾಗಿರೋದು ಒಂದೇ ಕಂಪ್ಲೇಂಟು. ಆ ಫೋಲ್ಡರ್‌ನಲ್ಲಿ ಆಮೇಲೆ ಅಸಲಿ ಬಗ್‌ಗಳೂ ಹೋಗಿ ಕೂತ್ವು, ಯಾರೂ ನೋಡ್ಲಿಲ್ಲ.

ಎನ್ವಿರಾನ್‌ಮೆಂಟ್ ಬೀಳೋದಾದ್ರೂ ಅಪರೂಪ, ದಿನಾ ಕಾಡೋದು ಫ್ಲೇಕಿ ಟೆಸ್ಟು. ಕೋಡ್ ಏನೂ ಬದಲಾಗಿರಲ್ಲ, ಇವತ್ತು ಪಾಸು ನಾಳೆ ಫೇಲು. ಇದು ನಮ್ಮಂಥ ಸಣ್ಣ ಟೀಮ್‌ಗಳ ರೋಗ ಅಂತ ಅಂದ್ಕೋಬೇಡಿ. ಗೂಗಲ್‌ನೋರೇ 2016ರಲ್ಲಿ ತಮ್ಮ ಟೆಸ್ಟಿಂಗ್ ಬ್ಲಾಗ್‌ನಲ್ಲಿ ಲೆಕ್ಕ ಕೊಟ್ಟಿದ್ರು: ಅವರ ಒಟ್ಟು ಟೆಸ್ಟ್ ರನ್‌ಗಳಲ್ಲಿ ಸುಮಾರು 1.5 ಪರ್ಸೆಂಟ್ ಫ್ಲೇಕಿ ರಿಸಲ್ಟ್, ಟೆಸ್ಟ್‌ಗಳಲ್ಲಿ ಹತ್ತಿರ ಹತ್ತಿರ 16 ಪರ್ಸೆಂಟ್‌ಗೆ ಏನೋ ಒಂದು ಮಟ್ಟದ ಫ್ಲೇಕಿನೆಸ್, ಮತ್ತೆ ಪಾಸ್ ಇದ್ದದ್ದು ಫೇಲ್‌ಗೆ ತಿರುಗಿದ ಕೇಸ್‌ಗಳಲ್ಲಿ 84 ಪರ್ಸೆಂಟ್ ಫ್ಲೇಕಿ ಟೆಸ್ಟ್‌ಗೆ ಸಂಬಂಧಪಟ್ಟಿದ್ದು. ಆ ಕೊನೇ ನಂಬರ್ ಇನ್ನೊಂದ್ ಸಲ ಓದಿ. ಫೇಲ್ ಆದ ತಕ್ಷಣ ಟಿಕೆಟ್ ಮಾಡೋ ಬಾಟ್‌ನ ಅಂಥ ಕಡೆ ಬಿಟ್ರೆ ಹೆಚ್ಚಿನ ಟಿಕೆಟ್ ಕಸಾನೇ.

ಈ ಜಾಗದಲ್ಲಿ ರಿಪೋರ್ಟ್‌ಪೋರ್ಟಲ್ ಬೇರೆ ದಾರಿ ಹಿಡಿಯುತ್ತೆ. ಫೇಲ್ ಆಗಿದ್ದೆಲ್ಲ ಮೊದಲು "ಟು ಇನ್ವೆಸ್ಟಿಗೇಟ್" ಅನ್ನೋ ಬುಟ್ಟಿಗೆ ಬೀಳುತ್ತೆ, ಬಗ್ ಅಂತ ಯಾರೂ ಇನ್ನೂ ಕರೆದಿಲ್ಲ. ಅಲ್ಲಿಂದ ನೀವು ಪ್ರಾಡಕ್ಟ್ ಬಗ್, ಆಟೋಮೇಶನ್ ಬಗ್, ಸಿಸ್ಟಮ್ ಇಶ್ಯೂ, ನೋ ಡಿಫೆಕ್ಟ್ ಅಂತ ವಿಂಗಡಿಸ್ತೀರಿ. ಪ್ರಾಡಕ್ಟ್ ಬಗ್ ಕೆಂಪು, ಆಟೋಮೇಶನ್ ಬಗ್ ಹಳದಿ, ಸಿಸ್ಟಮ್ ಇಶ್ಯೂ ನೀಲಿ, ಡ್ಯಾಶ್‌ಬೋರ್ಡ್ ನೋಡಿದ ತಕ್ಷಣ ರಾತ್ರಿ ಹೇಗೆ ಹೋಯ್ತು ಅಂತ ಗೊತ್ತಾಗುತ್ತೆ, ಪೂರ್ತಿ ನೀಲಿ ಇದ್ರೆ ಡೆವ್ಆಪ್ಸ್ ಹುಡುಗ್ರಿಗೆ ಫೋನ್, ಹಳದಿ ಇದ್ರೆ ನಮ್ಮದೇ ತಲೆನೋವು. ಈ ವರ್ಗಗಳ ಒಳಗೆ ನಿಮ್ಮದೇ ಸಬ್‌ಟೈಪ್ ಮಾಡ್ಕೋಬಹುದು, ಉದಾಹರಣೆಗೆ ಸಿಸ್ಟಮ್ ಇಶ್ಯೂ ಒಳಗೆ "ಓಟಿಪಿ ಗೇಟ್‌ವೇ", "ಟೆಸ್ಟ್ ಡೇಟಾ ಖಾಲಿ" ಅಂತ. ಮ್ಯಾನೇಜರ್ ವಾರದ ಮೀಟಿಂಗ್‌ನಲ್ಲಿ "ಆಟೋಮೇಶನ್ ಯಾಕೆ ಇಷ್ಟ್ ಫೇಲ್" ಅಂತ ಕೇಳಿದ್ರೆ ಬಾಯಲ್ಲಿ ಹೇಳೋದಕ್ಕಿಂತ ಈ ಚಾರ್ಟ್ ತೋರಿಸೋದು ವಾಸಿ.

ಹೀಗೆ ವಿಂಗಡಿಸೋದನ್ನ ಅದು ನೆನಪಿಟ್ಕೊಳ್ಳುತ್ತೆ. ಆಟೋ ಅನಾಲಿಸಿಸ್ ಆನ್ ಮಾಡಿದ್ರೆ ಮುಂದಿನ ಲಾಂಚ್ (ಒಂದು ಟೆಸ್ಟ್ ರನ್) ಮುಗಿದ ತಕ್ಷಣ ಹೊಸ ಫೇಲ್‌ಗಳ ಎರರ್ ಲಾಗ್‌ನ ಹಳೇ ಲಾಗ್ ಜೊತೆ ಹೋಲಿಸಿ, ತುಂಬಾ ಹೋಲೋದು ಸಿಕ್ಕಿದ್ರೆ ಅದಕ್ಕೆ ನೀವು ಏನ್ ಟೈಪ್ ಕೊಟ್ಟಿದ್ರೋ ಅದನ್ನೇ ಇದಕ್ಕೂ ಕೊಡುತ್ತೆ, ನೀವು ಬರೆದ ಕಾಮೆಂಟು, ಜಿರಾ ಟಿಕೆಟ್ ಲಿಂಕು ಸಮೇತ. ಪಕ್ಕದಲ್ಲಿ ಎಎ ಅಂತ ಚಿಕ್ಕ ಲೇಬಲ್ ಬರುತ್ತೆ, ಮೆಷಿನ್ ಹೇಳಿದ್ದು ಯಾವ್ದು ಮನುಷ್ಯ ಹೇಳಿದ್ದು ಯಾವ್ದು ಅಂತ ತಿಳ್ಯೋಕೆ. ಡುಪ್ಲಿಕೇಟ್ ಟಿಕೆಟ್ ನಿಲ್ಲೋದು ಇಲ್ಲೇ. ಲಾಗಿನ್ ಪೇಜ್ ಬಗ್ ಒಂದಕ್ಕೆ ಟಿಕೆಟ್ ಒಂದ್ ಸಲ ಮಾಡಿದ್ರೆ ಸಾಕು, ನಾಳೆ ನಾಡಿದ್ದು ಅದೇ ಎರರ್‌ನಲ್ಲಿ ಬಿದ್ದ ಟೆಸ್ಟ್‌ಗಳೆಲ್ಲ ಅದೇ ಟಿಕೆಟ್‌ಗೆ ಹೋಗಿ ಅಂಟ್ಕೊಳ್ತವೆ. ಹೋಲಿಕೆ ಎಷ್ಟು ಪರ್ಸೆಂಟ್ ಇರ್ಬೇಕು, ಲಾಗ್‌ನ ಎಷ್ಟು ಲೈನ್ ನೋಡ್ಬೇಕು, ಅದೇ ಹೆಸರಿನ ಲಾಂಚ್‌ಗಳಲ್ಲಿ ಮಾತ್ರ ಹುಡುಕ್ಬೇಕಾ ಎಲ್ಲದರಲ್ಲೂ ಹುಡುಕ್ಬೇಕಾ ಅಂತೆಲ್ಲ ಸೆಟ್ ಮಾಡಬಹುದು. ಒಂದು ವಿಚಿತ್ರ ಕೇಸ್ ಇದ್ರೆ ಅದನ್ನ ಕಲಿಕೆಯಿಂದ ಹೊರಗಿಡೋಕೂ ಆಪ್ಶನ್ ಇದೆ, ಇದನ್ನ ಜನ ಮರೀತಾರೆ.

ಇದರಿಂದ ಗೊತ್ತಾಗೋದು ಏನಂದ್ರೆ ಇನ್‌ಸ್ಟಾಲ್ ಮಾಡಿದ ದಿನ ಇದು ಖಾಲಿ ತಲೆ. ನೀವು ವಿಂಗಡಿಸಿದ್ದರಿಂದಲೇ ಅದು ಕಲಿಯೋದು. ಶುರುವಿನ ಕೆಲವು ಸ್ಪ್ರಿಂಟ್ ಯಾರಾದ್ರೂ ಒಬ್ರು ದಿನಾ ಬೆಳಗ್ಗೆ ಕೂತು ಶ್ರದ್ಧೆಯಿಂದ ವಿಂಗಡಿಸ್ಬೇಕು, ಅದೂ ಗೊತ್ತಿರೋರು. ಸ್ಟ್ಯಾಂಡಪ್‌ಗೆ ಮುಂಚೆ ಬುಟ್ಟಿ ಖಾಲಿ ಕಾಣ್ಲಿ ಅಂತ ಎಲ್ಲಾ ಸೆಲೆಕ್ಟ್ ಮಾಡಿ ಬಲ್ಕ್‌ನಲ್ಲಿ "ಆಟೋಮೇಶನ್ ಬಗ್" ಅಂತ ಒತ್ತೋ ಪುಣ್ಯಾತ್ಮರು ಪ್ರತಿ ಟೀಮ್‌ನಲ್ಲೂ ಒಬ್ರು ಇರ್ತಾರೆ, ಅನಲೈಸರ್ ಅದನ್ನೂ ನಂಬುತ್ತೆ, ಆಮೇಲೆ ನಿಜವಾದ ಪ್ರಾಡಕ್ಟ್ ಬಗ್ ಬಂದ್ರೂ ಹಳದಿ ಬಣ್ಣ ಬಳಿದು ಕೂರಿಸುತ್ತೆ. ಕಾಂಟ್ರ್ಯಾಕ್ಟ್‌ನಲ್ಲಿ ಆರು ತಿಂಗಳಿಗೊಮ್ಮೆ ಟೆಸ್ಟರ್ ಬದಲಾಗೋ ಟೀಮ್‌ಗಳಲ್ಲಿ ಇದು ದೊಡ್ಡ ಸಮಸ್ಯೆ. ಟೂಲ್‌ನ ಬೈಯೋಕಾಗಲ್ಲ, ಅದರ ಡಿಸೈನೇ ಹಾಗೆ.

ಇನ್ನೊಂದು ನೆನಪಿಟ್ಕೊಳ್ಳಿ. ಅನಲೈಸರ್ ನೋಡೋದು ಎರರ್ ಲೆವೆಲ್ ಮತ್ತೆ ಅದಕ್ಕಿಂತ ಮೇಲಿನ ಲಾಗ್ ಮಾತ್ರ. ನಿಮ್ಮ ಫ್ರೇಮ್‌ವರ್ಕ್‌ನಲ್ಲಿ ಎಕ್ಸೆಪ್ಶನ್‌ನ ಕ್ಯಾಚ್ ಮಾಡಿ ಇನ್ಫೋ ಲೆವೆಲ್‌ನಲ್ಲಿ "ಸಮ್‌ಥಿಂಗ್ ವೆಂಟ್ ರಾಂಗ್" ಅಂತ ಬರೆಯೋ ಅಭ್ಯಾಸ ಇದ್ರೆ ಅದಕ್ಕೆ ಏನೂ ಕಾಣಲ್ಲ. ಉಲ್ಟಾ ಕೇಸ್ ಇನ್ನೂ ಕೆಟ್ಟದ್ದು, ಸಣ್ಣಪುಟ್ಟ ವಾರ್ನಿಂಗ್ ಎಲ್ಲಾ ಎರರ್ ಅಂತ ಲಾಗ್ ಮಾಡಿದ್ರೆ ಪ್ರತಿ ಫೇಲೂ ಒಂದೇ ಥರ ಕಂಡು ಸಂಬಂಧ ಇಲ್ದೇ ಇರೋದೆಲ್ಲ ಒಂದೇ ಟಿಕೆಟ್‌ಗೆ ಹೋಗಿ ಸೇರ್ಕೊಳ್ಳುತ್ತೆ. ಬ್ರೌಸರ್ ಓಡಿಸಿ ಟೆಸ್ಟ್ ಮಾಡೋ ಸೆಲೇನಿಯಂನೋರಿಗೆ ಇದು ಜಾಸ್ತಿ ತಗಲುತ್ತೆ, ಯಾಕಂದ್ರೆ ಅಲ್ಲಿ ಏನೇ ಹಾಳಾದ್ರೂ ಕೊನೆಗೆ ಬರೋದು ನೋ ಸಚ್ ಎಲಿಮೆಂಟ್ ಇಲ್ಲಾ ಟೈಮ್‌ಔಟ್ ಎಕ್ಸೆಪ್ಶನ್. ಪೇಮೆಂಟ್ ಸರ್ವಿಸ್ ಡೌನ್ ಆಗಿ ಬಟನ್ ಬರಲಿಲ್ವಾ, ಡೆವಲಪರ್ ಐಡಿ ಬದಲಾಯಿಸಿ ಬಟನ್ ಸಿಗಲಿಲ್ವಾ, ನೆಟ್ ಸ್ಲೋ ಇತ್ತಾ, ಸ್ಟ್ಯಾಕ್ ಟ್ರೇಸ್ ಮೂರಕ್ಕೂ ಒಂದೇ. ಫೇಲ್ ಆದಾಗ ಆ ಪೇಜ್‌ನ ಯುಆರ್‌ಎಲ್, ಬ್ರೌಸರ್ ಕನ್ಸೋಲ್‌ನ ಎರರ್, ಕೊನೇ ಎಪಿಐ ಕರೆಯ ಸ್ಟೇಟಸ್ ಕೋಡ್ ಇಷ್ಟನ್ನ ಎರರ್ ಲಾಗ್ ಆಗಿ ಬರೆದ್ರೆ ಗುಂಪು ಮಾಡೋದು ಎಷ್ಟೋ ಸುಧಾರಿಸುತ್ತೆ, 500 (ಸರ್ವರ್ ಎರರ್) ಬಂದಿದ್ದು ಒಂದು ಕಡೆ 200 (ಸರಿ) ಬಂದಿದ್ದು ಇನ್ನೊಂದ್ ಕಡೆ. ದುಡ್ಡು ಕೊಟ್ಟು ದೊಡ್ಡ ಟೂಲ್ ತರೋ ಮುಂಚೆ ಈ ಕೆಲಸ ಮಾಡಿ ಅಂತ ನನ್ನ ಬೇಡಿಕೆ, ಯಾವ ಟೂಲ್ ತಂದ್ರೂ ಅದು ಓದೋದು ನೀವು ಬರೆದ ಲಾಗೇ.

ಕನ್ನಡ ಇಂಟರ್‌ಫೇಸ್ ಇರೋ ಆ್ಯಪ್ ಟೆಸ್ಟ್ ಮಾಡೋರಿಗೆ ಮಾತ್ರ ಒಂದು ಮಾತು. ಜೆಡಿಕೆ (ಜಾವಾ ಡೆವಲಪರ್‌ಗಳ ಕಿಟ್) 18 ಬರೋ ತನಕ, ಅಂದ್ರೆ 2022ರ ತನಕ, ಜಾವಾದ ಡೀಫಾಲ್ಟ್ ಎನ್‌ಕೋಡಿಂಗ್ (ಅಕ್ಷರ ಬರೆದಿಡೋ ವಿಧಾನ) ಆಪರೇಟಿಂಗ್ ಸಿಸ್ಟಮ್ ನೋಡಿ ತೀರ್ಮಾನ ಆಗ್ತಿತ್ತು, ಹಳೇ ಜೆಡಿಕೆ ಇರೋ ವಿಂಡೋಸ್ ಬಿಲ್ಡ್ ಮಷಿನ್‌ನಲ್ಲಿ ಕನ್ನಡ ಅಕ್ಷರ ಲಾಗ್‌ಗೆ ಹೋಗೋದ್ರೊಳಗೆ ಬರೀ ಪ್ರಶ್ನೆ ಚಿಹ್ನೆ ಸಾಲಾಗಿಬಿಡುತ್ತೆ. ಓದೋಕಾಗಲ್ಲ ಅನ್ನೋದು ಸಣ್ಣ ತೊಂದ್ರೆ. "ಹಣ ಪಾವತಿ ವಿಫಲವಾಗಿದೆ" ಅನ್ನೋದೂ "ವಿಳಾಸ ತಪ್ಪಾಗಿದೆ" ಅನ್ನೋದೂ ಎರಡೂ ಪ್ರಶ್ನೆ ಚಿಹ್ನೆ ಆದ ಮೇಲೆ ಹೋಲಿಕೆ ಮಾಡೋ ಮೆಷಿನ್‌ಗೆ ಎರಡೂ ಒಂದೇ ಎರರ್, ಎರಡು ಬೇರೆ ಬೇರೆ ಬಗ್ ಒಂದೇ ಟಿಕೆಟ್ ಒಳಗೆ. ಬಿಲ್ಡ್ ಕಾನ್ಫಿಗ್‌ನಲ್ಲೂ ಲಾಗ್ ಅಪೆಂಡರ್‌ನಲ್ಲೂ ಯುಟಿಎಫ್ 8 ಅಂತ ಕಡ್ಡಾಯವಾಗಿ ಬರೀರಿ.

ಟಿಕೆಟ್ ಮಾಡೋ ಅನುಭವಕ್ಕೆ ಬರೋಣ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಜಿರಾ ಇಂಟಿಗ್ರೇಶನ್ ಹಾಕಿ, ಯಾವ ಇಶ್ಯೂ ಟೈಪ್, ಯಾವ ಯಾವ ಫೀಲ್ಡ್ ಬೇಕು ಅಂತ ಆರಿಸ್ಕೊಂಡ್ರೆ, ಫೇಲ್ ಆದ ಸ್ಟೆಪ್ ಮೇಲೆ ಪೋಸ್ಟ್ ಇಶ್ಯೂ ಅಂತ ಒತ್ತಿದಾಗ ಫಾರ್ಮ್ ಓಪನ್ ಆಗುತ್ತೆ, ಲಾಗ್ ಸೇರಿಸ್ಲಾ, ಸ್ಕ್ರೀನ್‌ಶಾಟ್ ಸೇರಿಸ್ಲಾ, ಕಾಮೆಂಟ್ ಸೇರಿಸ್ಲಾ ಅಂತ ಕೇಳುತ್ತೆ, ವಾಪಸ್ ರಿಪೋರ್ಟ್‌ಪೋರ್ಟಲ್‌ಗೆ ಬರೋ ಲಿಂಕ್‌ನೂ ಟಿಕೆಟ್‌ನಲ್ಲಿ ಇಡುತ್ತೆ. ಈಗಾಗ್ಲೇ ಟಿಕೆಟ್ ಇದ್ರೆ ಲಿಂಕ್ ಇಶ್ಯೂ. ಕಾಪಿ ಪೇಸ್ಟ್ ಮಾಡ್ತಾ, ಸ್ಕ್ರೀನ್‌ಶಾಟ್‌ನ ಪೇಂಟ್‌ನಲ್ಲಿ ಕ್ರಾಪ್ ಮಾಡ್ತಾ, ಬಿಲ್ಡ್ ನಂಬರ್ ಹುಡುಕ್ತಾ ಹೋಗ್ತಿದ್ದ ಸಮಯ ಪೂರ್ತಿ ಉಳಿಯುತ್ತೆ. ಡೆವಲಪರ್‌ಗಳು "ಲಾಗ್ ಕೊಡಿ", "ಯಾವ ಬಿಲ್ಡು", "ನನ್ ಮಷಿನ್‌ನಲ್ಲಿ ಸರಿಯಾಗೇ ವರ್ಕ್ ಆಗ್ತಿದೆ" ಅಂತ ಟಿಕೆಟ್‌ನ ವಾಪಸ್ ಎಸೆಯೋದು ಕಮ್ಮಿ ಆಗುತ್ತೆ, ಪೂರ್ತಿ ನಿಲ್ಲಲ್ಲ, ಅದು ಯಾವ ಟೂಲ್‌ನಿಂದಲೂ ನಿಲ್ಲಲ್ಲ.

ಕೊರತೆ ಏನಂದ್ರೆ ಆ ಡಿಸ್ಕ್ರಿಪ್ಶನ್ ಬಗ್ ರಿಪೋರ್ಟ್ ಥರ ಇರಲ್ಲ, ಲಾಗ್ ಥರ ಇರುತ್ತೆ. ಒಳ್ಳೇ ಬಗ್ ರಿಪೋರ್ಟ್‌ನಲ್ಲಿ ಹೇಗೆ ರಿಪ್ರೊಡ್ಯೂಸ್ ಮಾಡೋದು, ಏನಾಗ್ಬೇಕಿತ್ತು, ಏನಾಯ್ತು ಇಷ್ಟು ಇರ್ಬೇಕು. ಲಾಗ್‌ನಲ್ಲಿ ಏನಾಯ್ತು ಅನ್ನೋದು ಇರುತ್ತೆ, ಏನಾಗ್ಬೇಕಿತ್ತು ಅನ್ನೋದು ನಿಮ್ಮ ಅಸರ್ಶನ್ (ಟೆಸ್ಟ್ ಒಳಗಿನ ಸರಿ ತಪ್ಪು ಚೆಕ್) ಮೆಸೇಜ್‌ನಲ್ಲಿ ಬರೆದಿದ್ರೆ ಮಾತ್ರ ಇರುತ್ತೆ. "ಎಕ್ಸ್‌ಪೆಕ್ಟೆಡ್ ಟ್ರೂ ಬಟ್ ಫೌಂಡ್ ಫಾಲ್ಸ್" ಅಂತ ಟಿಕೆಟ್ ಹೋದ್ರೆ ಡೆವಲಪರ್ ಬೈದ್ರೆ ತಪ್ಪೇನಿಲ್ಲ. ಅಸರ್ಟ್ ಬರೆಯುವಾಗಲೇ "ಕಾರ್ಟ್‌ನಲ್ಲಿ ಎರಡು ಐಟಮ್ ಇರ್ಬೇಕಿತ್ತು, ಕೂಪನ್ ಹಾಕಿದ ಮೇಲೆ ಒಂದೇ ಉಳಿದಿದೆ" ಅಂತ ಮನುಷ್ಯರಿಗೆ ಅರ್ಥ ಆಗೋ ಹಾಗೆ ಬರೆದ್ರೆ, ಸ್ಟೆಪ್‌ಗಳಿಗೆ ಸರಿಯಾದ ಹೆಸ್ರು ಇಟ್ರೆ, ಆ ಸ್ಟೆಪ್ ಪಟ್ಟೀನೇ ರಿಪ್ರೊಡ್ಯೂಸ್ ಮಾಡೋ ದಾರಿ ಆಗುತ್ತೆ. ಈಗ ಲಾಗ್‌ನ ಎಐಗೆ ಕೊಟ್ಟು ಚೆಂದದ ಬಗ್ ರಿಪೋರ್ಟ್ ಬರೆಸೋ ಟೂಲ್‌ಗಳು ಸಾಲಾಗಿ ಬರ್ತಿವೆ, ಟೈಟಲ್ಲು ಸಾರಾಂಶ ಚೆನ್ನಾಗೇ ಬರೀತವೆ, ಆದ್ರೆ ಲಾಗ್‌ನಲ್ಲಿ ಇಲ್ದೇ ಇರೋ ಸ್ಟೆಪ್ ಕೂಡ ಅಷ್ಟೇ ಆತ್ಮವಿಶ್ವಾಸದಿಂದ ಸೇರಿಸಿಬಿಡ್ತವೆ, ಓದದೇ ಸಬ್ಮಿಟ್ ಮಾಡ್ಬೇಡಿ.

ಹಾಗಾದ್ರೆ ಪೂರ್ತಿ ಆಟೋಮ್ಯಾಟಿಕ್ ಎಲ್ಲೂ ಕೆಲಸ ಮಾಡಲ್ವಾ ಅಂದ್ರೆ ಮಾಡುತ್ತೆ, ಭರ್ಜರಿಯಾಗಿ ಮಾಡುತ್ತೆ. ಗೂಗಲ್‌ನ ಕ್ಲಸ್ಟರ್‌ಫಜ್ ನೋಡಿ, ಕ್ರೋಮ್‌ಗೋಸ್ಕರ ಕಟ್ಟಿದ್ದು, 2019ರಲ್ಲಿ ಓಪನ್ ಸೋರ್ಸ್ ಮಾಡಿದ್ರು. ಫಜಿಂಗ್‌ನಲ್ಲಿ, ಅಂದ್ರೆ ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ಟೆಸ್ಟ್ ಮಾಡುವಾಗ, ಕ್ರ್ಯಾಶ್ ಸಿಕ್ಕಿದ್ರೆ ಕ್ರ್ಯಾಶ್‌ನ ಬಗೆ ಮತ್ತೆ ಸ್ಟ್ಯಾಕ್‌ನ ಮೇಲಿನ ಕೆಲವು ಫ್ರೇಮ್ ಇಟ್ಕೊಂಡು ಮೊದಲೇ ನೋಡಿದ್ದಾ ಅಂತ ಚೆಕ್ ಮಾಡುತ್ತೆ, ಟೆಸ್ಟ್ ಕೇಸ್‌ನ ಆದಷ್ಟು ಚಿಕ್ಕದು ಮಾಡುತ್ತೆ, ಯಾವ ಕಮಿಟ್‌ನಿಂದ (ಕೋಡ್ ಬದಲಾವಣೆ) ಶುರು ಆಯ್ತು ಅಂತ ಹುಡುಕುತ್ತೆ, ಬಗ್ ಫೈಲ್ ಮಾಡುತ್ತೆ, ಫಿಕ್ಸ್ ಆದ ಮೇಲೆ ತಾನೇ ಮತ್ತೆ ಓಡಿಸಿ ನೋಡಿ ಕ್ಲೋಸ್ ಮಾಡುತ್ತೆ. ಲಿನಕ್ಸ್ ಕರ್ನಲ್‌ಗೆ ಸಿಜ್‌ಬಾಟ್ ಇದೆ, 2017ರಿಂದ ಕರ್ನಲ್ ಡೆವಲಪರ್‌ಗಳಿಗೆ ಮೇಲ್‌ನಲ್ಲೇ ಬಗ್ ಕಳಿಸ್ತಾ ಇದೆ, ಯಾವ ಕಮಿಟ್, ಯಾವ ಕಾನ್ಫಿಗ್, ಸಾಧ್ಯ ಆದ್ರೆ ರಿಪ್ರೊಡ್ಯೂಸ್ ಮಾಡೋ ಸಿ ಪ್ರೋಗ್ರಾಮ್ ಸಮೇತ. ಡೆವಲಪರ್ ಅದೇ ಮೇಲ್‌ಗೆ ರಿಪ್ಲೈನಲ್ಲಿ ಇದು ಡುಪ್ಲಿಕೇಟು, ಇದು ಇನ್‌ವ್ಯಾಲಿಡ್ಡು, ಈ ಪ್ಯಾಚ್ ಟೆಸ್ಟ್ ಮಾಡು ಅಂತ ಕಮಾಂಡ್ ಬರೆದ್ರೆ ಬಾಟ್ ಪಾಲಿಸುತ್ತೆ.

ನಮ್ಮ ಯುಐ ಟೆಸ್ಟ್‌ಗೂ ಅದಕ್ಕೂ ಇರೋ ವ್ಯತ್ಯಾಸ ನೋಡಿ. ಕರ್ನಲ್ ಕ್ರ್ಯಾಶ್ ಆಯ್ತು, ಮೆಮೊರಿ ಫ್ರೀ ಆದ ಮೇಲೂ ಬಳಸ್ತು ಅಂದ್ರೆ ಅದು ಬಗ್ಗೇ, ವಾದ ಮಾಡೋಕೆ ಜಾಗ ಇಲ್ಲ. "ಸೇವ್ ಬಟನ್ ಸಿಗಲಿಲ್ಲ" ಅನ್ನೋದು ಬಗ್ ಇರಬಹುದು, ರಿಕ್ವೈರ್‌ಮೆಂಟೇ ಬದಲಾಗಿರಬಹುದು, ನಮ್ಮ ಲೊಕೇಟರ್ (ಪೇಜ್‌ನಲ್ಲಿ ಬಟನ್ ಹುಡುಕೋ ಗುರುತು) ಹಳೇದಾಗಿರಬಹುದು. ಅದನ್ನ ಹೇಳೋಕೆ ಪ್ರಾಡಕ್ಟ್ ಗೊತ್ತಿರೋ ಮನುಷ್ಯ ಬೇಕು, ಅದಕ್ಕೇ ಆ ಕೊನೇ ಕ್ಲಿಕ್‌ನ ನಮ್ಮ ಕೈಯಲ್ಲಿ ಬಿಟ್ಟಿದ್ದು ಸರಿ ಅಂದಿದ್ದು ನಾನು. ಎಪಿಐ ಟೆಸ್ಟ್‌ನಲ್ಲಿ 500 ಬಂದ್ರೆ, ಆ್ಯಂಡ್ರಾಯ್ಡ್ ಆ್ಯಪ್ ಕ್ರ್ಯಾಶ್ ಆದ್ರೆ, ಅಂಥ ವಾದ ಇಲ್ಲದ ಕೇಸ್‌ಗಳಿಗೆ ಮಾತ್ರ ಆಟೋ ರೇಸ್ ಇಟ್ಕೊಳ್ಳಿ, ಅದೂ ಅದೇ ರನ್‌ನಲ್ಲಿ ರೀಟ್ರೈ ಮಾಡಿದಾಗಲೂ ಫೇಲ್ ಆದ್ರೆ. ರಿಪೋರ್ಟ್‌ಪೋರ್ಟಲ್‌ನಲ್ಲಿ ರೀಟ್ರೈಗಳು ಒಂದೇ ಐಟಮ್ ಕೆಳಗೆ ಸೇರ್ಕೊಂಡು ಕಾಣ್ತವೆ, ಮೊದಲ ಸಲ ಯಾಕ್ ಬಿತ್ತು ಅನ್ನೋ ಲಾಗೂ ಉಳಿಯುತ್ತೆ, ಇದು ಚೆನ್ನಾಗಿದೆ.

ಪ್ಯಾಟರ್ನ್ ಅನಾಲಿಸಿಸ್ ಅನ್ನೋದು ನನ್ನ ಫೇವರಿಟ್, ಆದ್ರೆ ಯಾರೂ ಅದರ ಬಗ್ಗೆ ಮಾತಾಡಲ್ಲ, ಎಐ ಅನ್ನೋ ಪದ ಇಲ್ವಲ್ಲ ಅದರಲ್ಲಿ. ಒಂದು ಪದ ಇಲ್ಲಾ ರೆಜೆಕ್ಸ್ (ಹುಡುಕೋ ಪಠ್ಯದ ಮಾದರಿ) ಕೊಟ್ರೆ ಅದು ಇರೋ ಫೇಲ್‌ಗಳಿಗೆಲ್ಲ ಲೇಬಲ್ ಹಾಕುತ್ತೆ. "ಕನೆಕ್ಷನ್ ರಿಫ್ಯೂಸ್ಡ್" ಅಂತ ಒಂದು ರೂಲ್ ಇದ್ರೆ ಆ ಡೇಟಾಬೇಸ್ ಮಲಗಿದ ರಾತ್ರಿಯಂಥ ರನ್‌ನ ಒಂದು ನೋಟದಲ್ಲಿ ಪಕ್ಕಕ್ಕೆ ಸರಿಸಬಹುದು. ಯುನಿಕ್ ಎರರ್ ಅನಾಲಿಸಿಸ್ ಕೂಡ ಇದೆ, ಒಂದು ಲಾಂಚ್ ಒಳಗಿನ ಫೇಲ್‌ಗಳನ್ನ ಎರರ್ ಪ್ರಕಾರ ಗುಂಪು ಮಾಡುತ್ತೆ, ಅದರಲ್ಲಿ ನಂಬರ್‌ಗಳನ್ನ ಲೆಕ್ಕಕ್ಕೆ ತಗೋಬೇಡ ಅನ್ನೋ ಆಪ್ಶನ್ ಆನ್ ಮಾಡಿ, ಇಲ್ದಿದ್ರೆ ಆರ್ಡರ್ ಐಡಿ ಬೇರೆ ಅನ್ನೋ ಒಂದೇ ಕಾರಣಕ್ಕೆ ಒಂದೇ ಎರರ್ ಹತ್ತು ಗುಂಪಾಗುತ್ತೆ.

ಹುಷಾರಾಗಿರ್ಬೇಕಾದ ಎರಡು ವಿಷಯ. ಲಾಗು ಅಟ್ಯಾಚ್‌ಮೆಂಟು ಎಷ್ಟು ದಿನ ಇಟ್ಕೋಬೇಕು ಅಂತ ಪ್ರಾಜೆಕ್ಟ್ ಸೆಟ್ಟಿಂಗ್ ಇದೆ, ಅವಧಿ ಮುಗಿದ ಮೇಲೆ ಡಿಲೀಟ್, ಆಗ ಹಳೇ ಜಿರಾ ಟಿಕೆಟ್‌ನಲ್ಲಿರೋ ಲಿಂಕ್ ಒತ್ತಿದ್ರೆ ಏನೂ ಇರಲ್ಲ. ಬ್ಯಾಕ್‌ಲಾಗ್‌ನಲ್ಲಿ ವರ್ಷಗಟ್ಲೆ ಕೂರೋ ಲೋ ಪ್ರಯಾರಿಟಿ ಬಗ್‌ಗಳಿಗೆ ಲಿಂಕ್ ನಂಬ್ಕೋಬೇಡಿ, ಮುಖ್ಯ ಲಾಗು ಸ್ಕ್ರೀನ್‌ಶಾಟನ್ನ ಟಿಕೆಟ್ ಒಳಗೇ ಹಾಕಿ. ಎರಡನೇದು ಇನ್ನೂ ಸೀರಿಯಸ್. ಟೆಸ್ಟ್ ಲಾಗ್‌ನಲ್ಲಿ ಆಥರೈಸೇಶನ್ ಟೋಕನ್, ಪಾಸ್‌ವರ್ಡ್, ಪ್ರೊಡಕ್ಷನ್‌ನಿಂದ ಕಾಪಿ ಮಾಡಿದ ಡೇಟಾ ಆದ್ರೆ ನಿಜವಾದ ಗ್ರಾಹಕರ ಫೋನ್ ನಂಬರ್, ಆಧಾರ್ ನಂಬರ್ ಎಲ್ಲಾ ಇರುತ್ತೆ. ಲಾಗ್ ಬಿಲ್ಡ್ ಸರ್ವರ್‌ನಲ್ಲಿ ಇರೋ ತನಕ ನೋಡೋರು ನಾಲ್ಕು ಜನ, ಟಿಕೆಟ್‌ಗೆ ಹೋದ್ರೆ ವೆಂಡರ್, ಕ್ಲೈಂಟ್, ಇನ್ಯಾವುದೋ ಟೀಮು ಎಲ್ರೂ ನೋಡ್ತಾರೆ, ಇಮೇಲ್ ನೋಟಿಫಿಕೇಶನ್‌ನಲ್ಲೂ ಹೋಗುತ್ತೆ. 2023ರಲ್ಲಿ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಬಂದಿರೋದು ನಿಮ್ಮ ಕಂಪನಿಯ ಲೀಗಲ್‌ನೋರಿಗೆ ಗೊತ್ತಿರುತ್ತೆ, ನಿಮ್ಮ ಲಾಗರ್‌ಗೆ ಗೊತ್ತಿರಲ್ಲ. ಲಾಗ್ ಬರೆಯೋ ಹಂತದಲ್ಲೇ ಇದನ್ನೆಲ್ಲ ಮಾಸ್ಕ್ ಮಾಡಿ, ಅಂದ್ರೆ ಮುಚ್ಚಿ.

ಬೇರೆ ಯಾವ್ದು ಇದೆ ಅಂದ್ರೆ ಅಲ್ಯೂರ್ ರಿಪೋರ್ಟ್ ಎಲ್ರಿಗೂ ಗೊತ್ತು, ಫ್ರೀ, ನೋಡೋಕೆ ಚೆಂದ, ಸರ್ವರ್ ಬೇಡ, ಕ್ಯಾಟಗರೀಸ್ ಫೈಲ್‌ನಲ್ಲಿ ರೆಜೆಕ್ಸ್ ಬರೆದು ಫೇಲ್‌ಗಳನ್ನ ವಿಂಗಡಿಸಬಹುದು, ಅಸರ್ಶನ್ ಫೇಲ್‌ನ ಪ್ರಾಡಕ್ಟ್ ಡಿಫೆಕ್ಟ್ ಅಂತಲೂ ಬೇರೆ ಎಕ್ಸೆಪ್ಶನ್‌ನ ಟೆಸ್ಟ್ ಡಿಫೆಕ್ಟ್ ಅಂತಲೂ ತಾನೇ ಬೇರೆ ಮಾಡುತ್ತೆ. ಆದ್ರೆ ಅದು ಆ ರನ್‌ನ ರಿಪೋರ್ಟು, ನಿನ್ನೆ ನೀವು ತಗೊಂಡ ನಿರ್ಧಾರ ಅದಕ್ಕೆ ನೆನಪಿರಲ್ಲ. ಅದರ ದೊಡ್ಡಣ್ಣ ಅಲ್ಯೂರ್ ಟೆಸ್ಟ್‌ಆಪ್ಸ್ ದುಡ್ಡಿಗೆ. ಸ್ವಂತ ಸ್ಕ್ರಿಪ್ಟ್ ಬರೆಯೋರು ಇದ್ರೆ ಅದೂ ಕೆಟ್ಟ ದಾರಿ ಅಲ್ಲ: ಎಕ್ಸೆಪ್ಶನ್ ಹೆಸ್ರು, ಸ್ಟ್ಯಾಕ್‌ನಲ್ಲಿ ನಿಮ್ಮ ಕೋಡ್‌ಗೆ ಸೇರಿದ ಮೇಲಿನ ಎರಡು ಮೂರು ಫ್ರೇಮ್, ಮೆಸೇಜ್‌ನಿಂದ ನಂಬರ್ರು ಟೈಮು ಐಡಿ ಎಲ್ಲಾ ತೆಗೆದು, ಅದರ ಹ್ಯಾಶ್ (ಒಂದೇ ಪಠ್ಯಕ್ಕೆ ಯಾವಾಗ್ಲೂ ಒಂದೇ ಬರೋ ಚಿಕ್ಕ ಕೋಡ್) ಮಾಡಿ ಜಿರಾದಲ್ಲಿ ಲೇಬಲ್ ಆಗಿ ಇಡಿ, ಹೊಸ ಟಿಕೆಟ್ ಮಾಡೋ ಮುಂಚೆ ಆ ಲೇಬಲ್ ಇರೋ ಓಪನ್ ಟಿಕೆಟ್ ಇದ್ಯಾ ಅಂತ ಹುಡುಕಿ, ಇದ್ರೆ ಕಾಮೆಂಟ್ ಮಾತ್ರ ಹಾಕಿ. ಒಂದೇ ರನ್‌ನಲ್ಲಿ ಹತ್ತಕ್ಕಿಂತ ಜಾಸ್ತಿ ಹೊಸ ಟಿಕೆಟ್ ಆಗೋ ಹಾಗಿದ್ರೆ ಏನೂ ಮಾಡ್ದೇ ಒಂದು ಮೇಲ್ ಕಳಿಸಿ ನಿಂತ್ಕೋ ಅಂತ ಲಿಮಿಟ್ ಕೂಡ ಬರೀರಿ, ಈ ಒಂದು ಲೈನ್ ಎಷ್ಟೋ ಬೆಳಗಿನ ಮರ್ಯಾದೆ ಉಳಿಸುತ್ತೆ. ಪೈಟೆಸ್ಟ್‌ನ ಜೆಯುನಿಟ್ ಎಕ್ಸ್‌ಎಂಎಲ್ ಬಳಸೋರು ಗಮನಿಸಿ, ಅಲ್ಲಿ ಟೆಸ್ಟ್ ಬಾಡಿಯಲ್ಲಿ ಯಾವ ಎಕ್ಸೆಪ್ಶನ್ ಬಂದ್ರೂ ಫೇಲ್ಯೂರ್ ಅಂತಾನೇ ಬರೆಯುತ್ತೆ, ಎರರ್ ಅಂತ ಬರೋದು ಫಿಕ್ಸ್ಚರ್ ಸೆಟಪ್ ಟಿಯರ್‌ಡೌನ್‌ನಲ್ಲಿ (ಟೆಸ್ಟ್‌ಗೆ ಮುಂಚಿನ ತಯಾರಿ, ಆಮೇಲಿನ ಸ್ವಚ್ಛತೆ) ಬಿದ್ರೆ. ಸೆಟಪ್‌ನಲ್ಲಿ ಬಿದ್ದಿದ್ದಕ್ಕೆ ಪ್ರಾಡಕ್ಟ್ ಬಗ್ ರೇಸ್ ಮಾಡ್ಬೇಡಿ.

ಯಾರಿಗೆ ರಿಪೋರ್ಟ್‌ಪೋರ್ಟಲ್ ಬೇಡ ಅಂದ್ರೆ, ನೂರಿನ್ನೂರು ಟೆಸ್ಟ್ ಇದ್ದು ದಿನಕ್ಕೆ ಒಂದೆರಡು ಫೇಲ್ ಆಗೋ ಟೀಮ್‌ಗೆ ಬೇಡವೇ ಬೇಡ, ಅಲ್ಯೂರ್ ಸಾಕು, ಕೈಯಲ್ಲೇ ಟಿಕೆಟ್ ಮಾಡಿ. ಸರ್ವರ್ ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂದ್ರೂ ಬೇಡ, ಪೋಸ್ಟ್‌ಗ್ರೆಸ್ ಬ್ಯಾಕಪ್ಪು, ವರ್ಶನ್ ಅಪ್‌ಗ್ರೇಡು, ಡಿಸ್ಕ್ ತುಂಬೋದು ಇದೆಲ್ಲ ಯಾರದ್ದಾದ್ರೂ ಕೆಲಸ ಆಗ್ಲೇಬೇಕು. ಸಾವಿರಗಟ್ಲೆ ಟೆಸ್ಟ್, ಮೂರು ನಾಲ್ಕು ಫ್ರೇಮ್‌ವರ್ಕ್, ಬೇರೆ ಬೇರೆ ಟೀಮ್, ದಿನಾ ಬೆಳಗ್ಗೆ ಟ್ರಯಾಜ್‌ನಲ್ಲೇ (ಫೇಲ್ ವಿಂಗಡಿಸೋದು) ಅರ್ಧ ದಿನ ಹೋಗುತ್ತೆ ಅನ್ನೋರು ಖಂಡಿತ ಹಾಕಿ. ಹಾಕೋ ಮುಂಚೆ ಅವರದೇ ಡೆಮೊ ಸೈಟ್ ಇದೆ, ಹತ್ತು ನಿಮಿಷ ಆಡಿ ನೋಡಿ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಟ್ ಮಾಡಿದ್ದು ಸರ್ವರ್ ಭಾರಕ್ಕೆ ಮತ್ತೆ ಟಿಕೆಟ್ ಡಿಸ್ಕ್ರಿಪ್ಶನ್‌ಗೆ ಸರಿಯಾದ ಟೆಂಪ್ಲೇಟ್ ಇಲ್ದೇ ಇರೋದಕ್ಕೆ.

ನಾನು ನೋಡಿರೋದು ಜಿರಾ ಜೊತೆ ಮಾತ್ರ. ಅಝೂರ್ ಡೆವ್ಆಪ್ಸ್ ಇಲ್ಲಾ ಗಿಟ್‌ಲ್ಯಾಬ್ ಜೊತೆ ಸೇರಿಸಿರೋರು ಯಾರಾದ್ರೂ ಇದ್ರೆ, ಕಡ್ಡಾಯ ಕಸ್ಟಮ್ ಫೀಲ್ಡ್‌ಗಳನ್ನ ಹೇಗೆ ಸಂಭಾಳಿಸಿದ್ರಿ ಅಂತ ಕಾಮೆಂಟ್‌ನಲ್ಲಿ ಹಾಕಿ, ನಮ್ಮ ಪಕ್ಕದ ಟೀಮ್‌ನೋರು ಕೇಳ್ತಿದಾರೆ.